ಹದಿನಾರು ಪೌಂಡಿನ ಮುಚ್ಚಳ

ಅರಿಜೋನಾದ ಕಿಂಗ್‌ಮನ್‌ನಲ್ಲಿ, ಗಾಡಿ ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ವೈಪರ್ ಹಿಡಿದು ನಿಂತಿದ್ದ ರಾಯ್ಸ್, ಮುಂದಿದ್ದ ಅಪ್ಪ ಮಗಳ ಮಾತಿಗೆ ಕಿವಿಗೊಟ್ಟ. ಮಗಳ ಕೈಯಲ್ಲಿ ಹದಿನಾರು ಪೌಂಡ್ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳವಿತ್ತು.

"ಏಳು ಪೌಂಡಿನ ಹಳೇ ಮುಚ್ಚಳವೇ ಸಾಕು ಕಣೇ ಲಿಯೋಟಾ. ಘಾಟಿ ಹತ್ತೋವಾಗ ಹೀಟರ್ ಹಾಕಿದ್ರೆ ಶಾಖ ಗಾಡಿಯೊಳಕ್ಕೆ ಬರತ್ತೆ, ಎಂಜಿನ್ ಕಾಯಲ್ಲ. ನಲವತ್ತು ವರ್ಷ ಹಂಗೇ ಹತ್ತಿಸಿದೀನಿ."

"ಹೋದ ಬೇಸಿಗೇಲಿ ಆ ಹೀಟರ್ ಶಾಖಕ್ಕೇ ಅಮ್ಮ ಎಚ್ಚರ ತಪ್ಪಿದ್ದು. ನಾಳೆ ಅದೇ ಘಾಟಿ ಹತ್ತಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿರೋದೂ ಅವಳನ್ನೇ."

"ಹದಿನಾರು ಪೌಂಡ್ ಒತ್ತಡಕ್ಕೆ ನನ್ನ ರೇಡಿಯೇಟರ್ ಸೀಳ್ಕೊಳತ್ತೆ."

"ಒತ್ತಡ ಜಾಸ್ತಿಯಾದ್ರೆ ನೀರು ಬೇಗ ಕುದಿಯಲ್ಲ ಅಂತ ನೀನೇ ಹೇಳಿಕೊಟ್ಟಿದ್ದು. ಹಳೇ ರೇಡಿಯೇಟರ್ ಶೆಡ್ಡಲ್ಲಿದೆ. ಭಾನುವಾರ ನೀನು ಚರ್ಚಲ್ಲಿದ್ದಾಗ ಹೊಸದು ಕೂರಿಸ್ದೆ. ಪೈಪುಗಳೂ ಹೊಸವೇ."

"ನನ್ನನ್ನ ಕೇಳದೇನೇ?"

"ಕೇಳಿದ್ರೆ ಬೇಡ ಅಂತಿದ್ದೆ. ಮೂರು ದಿನದಿಂದ ನೀನೇ ಓಡಿಸ್ತಿದೀಯ, ಒಂದು ಹನಿ ಸೋರಿದ್ಯಾ?"

ಮುದುಕ ಮುಚ್ಚಳ ಇಸಿದುಕೊಂಡು, ಅದರ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಬಿಗಿ ಇದೆ."

"ಅದಕ್ಕೇ ತಗೊಳ್ತಿರೋದು."

ದುಡ್ಡು ಕೊಟ್ಟು ಬಾಗಿಲ ಬಳಿ ಹೋದಾಗ ಅವನು ಮುಚ್ಚಳವನ್ನು ಅವಳ ಕೈಗಿಟ್ಟ.

"ಎಂಜಿನ್ ಪೂರ್ತಿ ಆರ್ಲಿ. ಆಮೇಲೆ ನೀನೇ ಹಾಕು."