ಬಾಣಂತಿ ಕೋಣೆಯ ಮಣ್ಣು

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಶೇಖಪ್ಪ ಹುಬ್ಬಳ್ಳಿ ಬಸ್ಸಿಗೆ ಶಾಪ ಹಾಕುತ್ತ ಕೂತಿದ್ದ. ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಬಸುರಿ ಸೊಸೆ. ಮುದುಕಿಯ ತೊಡೆಯ ಮೇಲೆ ಬಾಣಂತಿ ಕೋಣೆಯ ನೆಲದಿಂದ ಕೆತ್ತಿ ತಂದ ಮಣ್ಣಿನ ಡಬ್ಬಿ.

“ಅತ್ತಿ, ದವಾಖಾನ್ಯಾಗ ಈ ಮಣ್ಣು ಏನ್ ಮಾಡ್ತಾರ್ರಿ?”

“ದುರ್ಬೀನದಾಗ ನೋಡ್ತಾರಂತ. ನಿನ್ನ ಮೊದಲ ಕೂಸು ಧನುರ್ವಾಯುಲೆ ಹೋತಲ್ಲ, ಅದರ ಹುಳ ಸಗಣಿ ಮಣ್ಣಾಗ ಇರ್ತಾವಂತ. ಸಿಗಲಿ ಅಂತ ಉಳವಿ ಚನ್ನಬಸವಣ್ಣಗ ಹರಕಿ ಹೊತ್ತೇನಿ.”

“ಹುಳ ಸಿಗಲಿ ಅಂತ ಹರಕಿ?”

“ಹೂಂ. ಸಿಕ್ಕರ, ಕೂಸನ್ನ ನೀನ ನುಂಗಿದಿ ಅನ್ನೋ ಮಂದಿ ಬಾಯಿ ಮುಚ್ಚತೈತಿ.”

“ಆದರ ಕೊಟ್ಟಿಗಿ ಮಣ್ಣು ತಂದು ಕೋಣಿ ಸಾರಿಸಿದವರು ನೀವಲ್ಲೇನ್ರಿ? ಮಾತು ನಿಮ್ಮ ಮ್ಯಾಲ ಬರ್ತೈತಿ.”

“ಬರಲಿ ಬಿಡ ತಾಯವ್ವ. ನೀ ಇನ್ನೂ ಬಾಳಬೇಕಾದಾಕಿ.”

ಸೊಸೆ ಕಣ್ಣೊರೆಸಿಕೊಂಡಳು. “ನೀವು ನನ್ನ ಸಲುವಾಗೇ ಸಾರಿಸಿದ್ರಿ. ಯಾರರ ಅನ್ನಲಿ, ನಾ ಸುಮ್ನಿರಂಗಿಲ್ಲ.”

ಬಸ್ಸು ಬಂತು. ಸೊಸೆ ಡಬ್ಬಿಗೆ ಕೈ ಚಾಚಿದಳು.

“ಮುಟ್ಟಬ್ಯಾಡ, ಹುಚ್ಚಿ! ಹೊಟ್ಯಾಗ ಕೂಸೈತಿ. ನನ್ನ ಹೆಗಲ ಹಿಡಕೊಂಡು ಮೆಲ್ಲಕ ಹತ್ತು.”

ಜನ ನುಗ್ಗಿದರು. ಶೇಖಪ್ಪ ಬಾಗಿಲಿಗೆ ಅಡ್ಡ ನಿಂತು, ಅವರಿಬ್ಬರೂ ಹತ್ತುವ ತನಕ ಒಬ್ಬನನ್ನೂ ಬಿಡಲಿಲ್ಲ.