ಸ್ಟುಡಿಯೋ ಸಿಸ್ಟಮ್ಮು ಸೀಡಿ ತಗೊಳ್ಳಲಿಲ್ಲ

ಹೆಗಲ ಮೇಲೆ ಗೋಣಿಚೀಲ. ಚೀಲದೊಳಗೆ ಕಂಪ್ಯೂಟರಿನ ಡಬ್ಬ, ನಾವು ಸಿಪಿಯು ಅಂತೀವಲ್ಲ, ಅದು. ಮಾಯಸಂದ್ರದಿಂದ ಬಂದ ಕಡೇ ಬಸ್ಸು ಭೀಮಣ್ಣನ್ನ ಊರ ಗೇಟು ಅನ್ನೋ ಸ್ಟಾಪಿನ ಹತ್ರ ಇಳಿಸಿ ಹೋಯ್ತು. ಅಲ್ಲಿಂದ ಊರಿಗೆ ತೋಟದ ದಾರಿ. ಎರಡೂ ಕಡೆ ತೆಂಗು. ಬೆಳದಿಂಗಳಿದ್ರೂ ನೆಲಕ್ಕೆ ಬೀಳಲ್ಲ, ಗರಿಗಳೇ ತಡ್ಕೊಂಡು ಬಿಡ್ತವೆ.

ಭೀಮಣ್ಣ ಅಂದ್ರೆ ಭೀಮರಾಜು. ನಮ್ಮ ದೊಡ್ಡಪ್ಪನ ಮಗ. ತುರುವೇಕೆರೇಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿದಾನೆ. ದೆವ್ವ, ಗಾಳಿ ಅಂದ್ರೆ ನಗೋ ಆಸಾಮಿ. ಈಗ ನಗಲ್ಲ. ನಾನು ಹೇಳೋದೆಲ್ಲ ಅವನ ಬಾಯಿಂದಲೇ ಕೇಳಿದ್ದು. ಕೊನೇದೊಂದು ಮಾತ್ರ ನನ್ನ ಕಣ್ಣಲ್ಲಿ ನೋಡಿದ್ದು.

ದಾರಿ ಮಧ್ಯೆ ಹುಚ್ಚರಂಗಯ್ಯನ ತೋಟದ ಬಾವಿ ಸಿಗ್ತದೆ. ಹಳೇ ಕಲ್ಲುಬಾವಿ. ಬೋರ್‌ವೆಲ್ ಬಂದ ಮೇಲೆ ಯಾರೂ ಅಲ್ಲಿ ನೀರು ಸೇದಲ್ಲ. ಆದ್ರೂ ಕೆರೆಗೆ ಹೇಮಾವತಿ ನಾಲೆ ನೀರು ಬಂದಿದ್ದ ಆ ವರ್ಷ ಬಾವೀಲೂ ನೀರು ಮೇಲಕ್ಕೆ ಬಂದಿತ್ತು. ಭೀಮಣ್ಣ ಅಲ್ಲಿ ನಿಂತು ಚೀಲಾನ ಇನ್ನೊಂದು ಹೆಗಲಿಗೆ ಬದಲಾಯಿಸ್ಕೊಂಡ.

ಆಗ ಕೇಳಿಸ್ತು. ಒಣಗಿದ ತೆಂಗಿನ ಸೋಗೆ ಮೇಲೆ ಯಾರೋ ಕಾಲಿಟ್ಟಂಗೆ… ಚರ್ರ್. ಆಮೇಲೆ ಅದೇ ಸೋಗೆ ಮೇಲೆ ನೀರು ಬಿದ್ದಂಗೆ… ತೊಟ್. ತೊಟ್.

"ಅಣ್ಣಾ…"

ಹೆಣ್ಣಿನ ದನಿ. ಬರೀ ಉಸಿರಷ್ಟೇ.

"ಯಾರವ್ವ?"

"ಫೋಟೋ ಆಯ್ತಾ?"

"ಯಾವ್ ಫೋಟೋನವ್ವ?"

ಮೊಬೈಲ್ ಟಾರ್ಚ್ ಹಾಕಿ ತಿರುಗಿ ನೋಡಿದ. ಯಾರೂ ಇಲ್ಲ. ಸೋಗೆ ಒದ್ದೆಯಾಗಿತ್ತು, ಅಷ್ಟೇ. ತೋಟದ ಮನೆ ಹೆಂಗಸು ಯಾರೋ ಇರಬೇಕು, ಈ ಡಬ್ಬ ಫೋಟೋ ಸ್ಟುಡಿಯೋದ್ದು ಅಂತ ಗೊತ್ತಿರಬೇಕು, ಅಂದ್ಕೊಂಡು ಹೆಜ್ಜೆ ಹಾಕಿದ.

ಡಬ್ಬ ಸ್ಟುಡಿಯೋದ್ದೇ. ಮಾಯಸಂದ್ರದಲ್ಲಿ ತೋಂಟದಾರ್ಯ ಅಂತ ಫೋಟೋ ತೆಗೆಯೋರಿದ್ರು. ಆಗಷ್ಟೇ ತೀರಿಕೊಂಡಿದ್ರು. ಅವರ ಹೆಂಡತಿ ದ್ರಾಕ್ಷಾಯಣಮ್ಮ ಅದೇ ಅಂಗಡೀಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಏನಾದ್ರೂ ಮಾಡ್ಕೊಂಡು ಹೋಗೋಣ ಅಂತ ಭೀಮಣ್ಣನ್ನ ಕರೆಸಿದ್ರು.

"ಒಳಗಿರೋದೆಲ್ಲ ಒರೆಸಿಬುಡಪ್ಪ. ಹೊಸದಾಗಿ ವಿಂಡೋಸ್ ಹಾಕು."

"ಯಜಮಾನ್ರು ತೆಗೆದಿರೋ ಫೋಟೋ ಇರ್ತವಲ್ಲಮ್ಮ. ಬೇರೆ ಕಡೆ ಕಾಪಿ ಮಾಡಿ ಇಡ್ಲಾ?"

"ಬ್ಯಾಡ." ಆಯಮ್ಮ ಷಟರ್ ಕಡೆ ನೋಡ್ತಾ ಹೇಳಿದ್ರಂತೆ. "ಒಂದೂ ಇರಬಾರ್ದು ಕಣಪ್ಪ. ಒಂದೂ."

ಮನೇಲಿ ಅವನ ಅವ್ವ, ಅಂದ್ರೆ ನಮ್ಮ ದೊಡ್ಡಮ್ಮ ಪುಟ್ಟಗಂಗಮ್ಮ, ಮುದ್ದೆ ಮಾಡಿಟ್ಟು ಕಾಯ್ತಿದ್ಲು. ಉಂಡು, ನಡುಮನೇಲೇ ಸಿಸ್ಟಮ್ಮು ಜೋಡಿಸ್ಕೊಂಡು ಕೂತ ಭೀಮಣ್ಣ. ಅರ್ಧ ಗಂಟೆ ಕೆಲಸ. ಇನ್‌ಸ್ಟಾಲೇಶನ್ ಸೀಡಿ ಹಾಕೋದು, ಆನ್ ಮಾಡೋದು. ಕಂಪ್ಯೂಟರ್ ಸೀಡಿಯಿಂದ ಎದ್ರೆ, ಅಂದ್ರೆ ಬೂಟ್ ಆದ್ರೆ, ಹಳೇದೆಲ್ಲ ಒರೆಸಿ ಹೊಸದು ಹಾಕ್ತದೆ.

ಪೀಪ್ ಅಂತು. ಫ್ಯಾನು ಗುಯ್ ಅಂತು. ಸೀಡಿ ಝುಯ್ ಅಂತ ತಿರುಗ್ತು… ನಿಂತುಹೋಯ್ತು. ಪರದೆ ಮೇಲೆ ತೋಂಟದಾರ್ಯನವರ ಹಳೇ ವಿಂಡೋಸೇ ಬಂತು.

ಮೊದಲು ಸೀಡಿ ನೋಡು, ಆಮೇಲೆ ಹಾರ್ಡ್‌ಡಿಸ್ಕ್ ನೋಡು ಅಂತ ಹೇಳೋ ಸೆಟ್ಟಿಂಗ್ ಒಂದಿರ್ತದೆ. ಅದು ತಿರುಗುಮುರುಗಾಗಿತ್ತು. ಸರಿ ಮಾಡಿ ಸೇವ್ ಮಾಡಿದ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಹಾರ್ಡ್‌ಡಿಸ್ಕೇ ಮೊದಲು. ಹಳೇ ಮದರ್‌ಬೋರ್ಡು, ಗುಂಡಿ ಸೆಲ್ ಸತ್ತಿರ್ತದೆ, ಸೆಟ್ಟಿಂಗ್ ನೆನಪಿರಲ್ಲ. ಹೊಸ ಸೆಲ್ ಹಾಕಿದ. ಊಹೂಂ. ಸೀಡಿ ಒರೆಸಿದ. ಬೇರೆ ಸೀಡಿ ಹಾಕಿದ. ಇನ್ನೊಂದು ಡಬ್ಬದಿಂದ ಸೀಡಿ ಡ್ರೈವ್ ಬಿಚ್ಚಿ ಇದಕ್ಕೆ ಕೂರಿಸಿದ. ಕೇಬಲ್ ಬದಲಾಯಿಸಿದ. ಪ್ರತಿ ಸಲ ಅದೇ… ಝುಯ್ ಅಂದು, ಯಾರೋ ಬೆರಳಿಟ್ಟು ತಡೆದಂಗೆ ನಿಲ್ಲೋದು.

ಕೊನೆಗೆ ಹಾರ್ಡ್‌ಡಿಸ್ಕಿನ ವೈರೇ ಕಿತ್ತ. ಈಗ ಎದ್ರೆ ಸೀಡಿಯಿಂದಲೇ ಏಳಬೇಕು, ಬೇರೆ ದಾರಿ ಇಲ್ಲ.

ಆನ್ ಮಾಡಿದ. ಪೀಪ್. ಪರದೆ ಕಪ್ಪಗೇ ಇತ್ತು. ಆಮೇಲೆ ಕ್ರೀಚ್ ಅಂತ ಸೀಡಿ ತಟ್ಟೆ ತಾನೇ ಹೊರಗೆ ಬಂತು.

ಸೀಡಿ ಮೇಲೆ ನೀರು. ಹನಿ ಹನಿಯಾಗಿ ನಿಂತಿತ್ತು. ತಟ್ಟೆ ಅಂಚಿಂದ ಕೆಳಕ್ಕೆ ಬಿತ್ತು… ತೊಟ್.

ಒಳಮನೆಯಿಂದ ದೊಡ್ಡಮ್ಮ ಕೂಗಿದ್ಲು. "ಭೀಮಾ… ಬಾಗಲಲ್ಲಿ ಯಾರೋ ಕೇಳ್ತವ್ರೆ ನೋಡ್ಲಾ."

"ಯಾರವ್ವ ಈ ಹೊತ್ನಲ್ಲಿ? ಏನಂತೆ?"

"ಫೋಟೋ ಆಯ್ತಾ ಅಂತವ್ರೆ."

ಭೀಮಣ್ಣ ಬಾಗಿಲು ತೆಗೀಲಿಲ್ಲ. ಸ್ವಿಚ್ ಆರಿಸಿ ಕಂಬಳಿ ಹೊದ್ದು ಮಲಗಿದ. ರಾತ್ರಿಯೆಲ್ಲ ಅಟ್ಟದ ಮೇಲೆ ಒಣಗೋಕೆ ಹಾಕಿದ್ದ ಕಾಯಿ ಒಳಗೆ ಕೊಬ್ಬರಿ ಲೊಡ್ ಲೊಡ್ ಅಂತಿತ್ತಂತೆ, ಯಾರೋ ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ ಹುಡುಕ್ತಾ ಇರೋ ಹಾಗೆ.

ಬೆಳಗ್ಗೆ ಎದ್ದಾಗ ಭಯ ಹೋಗಿ ಹಟ ಬಂದಿತ್ತು. ಹಾರ್ಡ್‌ಡಿಸ್ಕನ್ನ ಬಿಚ್ಚಿಕೊಂಡು ತುರುವೇಕೆರೆ ಅಂಗಡಿಗೆ ಹೋದ. ಬೇರೆ ಕಂಪ್ಯೂಟರಿಗೆ ಜೋಡಿಸಿದ. ಫಾರ್ಮ್ಯಾಟ್ ಕೊಟ್ಟ. ಎಲ್ಲ ಒರೆಸಿಹೋಯ್ತು. ಸಂಜೆ ಅದನ್ನ ತಂದು ಹಳೇ ಡಬ್ಬಕ್ಕೆ ಹಾಕಿ ಸೀಡಿ ಇಟ್ರೆ… ಒಂದೇ ಸಲಕ್ಕೆ ಎದ್ದುಬಿಡ್ತು. ತಡೆಯೋರು ಯಾರೂ ಇಲ್ಲ ಅನ್ನೋ ಹಾಗೆ.

ಮಾರನೇ ದಿನ ಮಾಯಸಂದ್ರಕ್ಕೆ ಹೋಗಿ ಸಿಸ್ಟಮ್ಮು ಜೋಡಿಸಿಕೊಟ್ಟ. ದ್ರಾಕ್ಷಾಯಣಮ್ಮನ ಮುಖದಲ್ಲಿ ಗೆಲುವಿತ್ತು.

"ಎರಡು ರಾತ್ರಿಯಿಂದ ಷಟರ್ ಬಡೀಲಿಲ್ಲ ಕಣಪ್ಪ. ನೀನು ಇದನ್ನ ತಗೊಂಡು ಹೋದಾಗಿಂದ."

"ಯಾರು ಬಡೀತಿದ್ರು?"

ಆಯಮ್ಮ ಆಗ ಹೇಳಿದ್ರು. ಚಿಕ್ಕನಾಯಕನಹಳ್ಳಿ ಕಡೆಯಿಂದ ಕಾಯಿ ಸುಲಿಯೋಕೆ ಅಂತ ಒಂದು ಸಂಸಾರ ಬಂದು ಹುಚ್ಚರಂಗಯ್ಯನ ತೋಟದಲ್ಲಿತ್ತು. ಗಂಡ, ಹೆಂಡತಿ ಮಂಜಮ್ಮ, ಒಬ್ಬ ಮಗ. ಹುಡುಗನ್ನ ಸ್ಕೂಲಿಗೆ ಸೇರಿಸಬೇಕು ಅಂತ ಕರ್ಕೊಂಡು ಬಂದು ಸ್ಟುಡಿಯೋದಲ್ಲಿ ಕುರ್ಚೀಲಿ ಕೂರಿಸಿ ಫೋಟೋ ತೆಗೆಸಿದ್ಲು. ಆ ವಾರವೇ ಹುಡುಗ ಬಾವಿಗೆ ಬಿದ್ದ. ಮಣ್ಣು ಮಾಡಿ ಬಂದವಳು ಸೀದಾ ಸ್ಟುಡಿಯೋಕ್ಕೆ ಬಂದ್ಲು. ಫೋಟೋ ಆಯ್ತಾ ಅಣ್ಣಾ? ಅವಳ ಹತ್ರ ಮಗನ ಮುಖ ಅಂತ ಬೇರೆ ಏನೂ ಇರಲಿಲ್ಲ.

"ಇವರು ನಾಳೆ ಬಾ ಅಂದ್ರು. ಮತ್ತೆ ಬಂದ್ಲು, ಮತ್ತೆ ನಾಳೆ ಅಂದ್ರು. ಯಾಕ್ರೀ ಕೊಡಬಾರ್ದಾ ಪಾಪ ಅಂದ್ರೆ ಸಿಸ್ಟಮ್ ಮುಂದೆ ಕೂತು ಬೆವರೋರು. ಆಮೇಲೆ ಅವಳೂ ಅದೇ ಬಾವಿಗೆ ಬಿದ್ಲು. ಅವತ್ತಿಂದ ಅಂಗಡಿ ಮುಚ್ಚಿದ ಮೇಲೆ ಷಟರ್ ಬಡಿಯೋದು… ಫೋಟೋ ಆಯ್ತಾ ಅನ್ನೋದು. ಒಂದು ಬೆಳಗ್ಗೆ ನೋಡಿದ್ರೆ ಇವರು ಇದೇ ಜಾಗದಲ್ಲಿ ಕೂತಂಗೇ ಹೋಗಿಬಿಟ್ಟಿದ್ರು. ಹಾರ್ಟ್ ಅಟ್ಯಾಕ್ ಅಂದ್ರು."

ಬಾವಿಗೆ ತಾಯಿ, ಮಗ ಬಿದ್ದ ಸುದ್ದಿ ಭೀಮಣ್ಣನೂ ಕೇಳಿದ್ದ, ಫೋಟೋ ವಿಷಯ ಮಾತ್ರ ಗೊತ್ತಿರಲಿಲ್ಲ. "ಆ ಫೋಟೋ…"

"ಅದರಲ್ಲೇ ಇತ್ತು. ಬೇರೆಲ್ಲೂ ಇಲ್ಲ. ಅದಕ್ಕೇ ಅಲ್ವಾ ಒರೆಸಿಬುಡು ಅಂದಿದ್ದು."

ಅವತ್ತು ರಾತ್ರಿ ಊರಿಗೆ ವಾಪಸ್ ಬರುವಾಗ ಹೆಗಲಲ್ಲಿ ಚೀಲ ಇರಲಿಲ್ಲ. ಆದ್ರೂ ಬಾವಿ ಹತ್ರ ಬಂದಾಗ ಹೆಗಲು ಭಾರ ಆಯ್ತಂತೆ. ಓಡಬೇಕು ಅಂದ್ಕೊಂಡ. ಅಷ್ಟರಲ್ಲಿ ಚರ್ರ್… ಚರ್ರ್… ಅಂತ ಹಿಂದೆ ಬಂತು. ಕಿವಿ ಪಕ್ಕದಲ್ಲೇ ನಿಂತಿತು.

"ಎಲ್ಲಿ ಹಾಕ್ದೆ ಅಣ್ಣಾ…"

ಅವನು ತಿರುಗಲಿಲ್ಲ.

"ನನ್ ಮಗನ್ನ… ಎಲ್ಲಿ ಹಾಕ್ದೆ?"

ಅವತ್ತಿಂದ ಕಾಟ ಮನೆಗೇ ಬಂತು. ಭೀಮಣ್ಣನಿಗಲ್ಲ, ದೊಡ್ಡಮ್ಮನಿಗೆ. ಬೆಳಗ್ಗೆ ಎದ್ರೆ ಅವಳ ಸೀರೆ ಅಂಚು ಒದ್ದೆ. ಪಾದದಲ್ಲಿ ತೋಟದ ಮಣ್ಣು. ಕೇಳಿದ್ರೆ ಗೊತ್ತಿಲ್ಲ ಅನ್ನೋಳು. ಅನ್ನ ಸೇರಲ್ಲ. ಯಾವಾಗ ನೋಡಿದ್ರೂ ಮಡಿಲಲ್ಲಿ ಮಗು ಇದ್ದಂಗೆ ತೊಡೆ ತಟ್ತಾ ಕೂರೋಳು. ಮಕ್ಕಳನ್ನ ಬೆಳೆಸಿ ಎಷ್ಟೋ ವರ್ಷ ಆಗಿದ್ದ ಮುದುಕಿ.

ಒಂದು ರಾತ್ರಿ ಬಾಗಿಲ ಅಗುಳಿ ಸದ್ದಾಗಿ ಭೀಮಣ್ಣನಿಗೆ ಎಚ್ಚರ ಆಯ್ತು. ಚಾಪೆ ಖಾಲಿ. ಟಾರ್ಚ್ ಹಿಡ್ಕೊಂಡು ಓಡಿದ. ದೊಡ್ಡಮ್ಮ ಬಾವಿ ಕಟ್ಟೆ ಮೇಲೆ ಕೂತಿದ್ಲು… ಕಾಲು ಒಳಕ್ಕೆ ಇಳಿಬಿಟ್ಕೊಂಡು.

"ಅವ್ವಾ…"

"ಶ್… ಸುಮ್ಕಿರ್ಲಾ. ಮಗ ಈಗ ಮಲಗ್ತಾ ಐತೆ."

ಹಿಂದಿನಿಂದ ತಬ್ಬಿ ಎಳ್ಕೊಂಡು ಬಿದ್ದ. ಇಬ್ಬರೂ ಸೋಗೆ ಮೇಲೆ ಬಿದ್ರು. ಅದೇ ಗಳಿಗೆಯಲ್ಲಿ ಬಾವಿಯೊಳಗೆ ಏನೋ ಬಿದ್ದ ಸದ್ದು… ಧುಡುಂ. ಕಲ್ಲು ಬಿದ್ದ ಸದ್ದಲ್ಲ ಅದು, ಅಂತಾನೆ.

ಮಾರನೇ ಬೆಳಗ್ಗೆ ಮಾಯಸಂದ್ರಕ್ಕೆ ಓಡಿದ. ದ್ರಾಕ್ಷಾಯಣಮ್ಮನ ಕಾಲು ಹಿಡಿಯೋದೊಂದು ಬಾಕಿ. ಹಾರ್ಡ್‌ಡಿಸ್ಕ್ ಬಿಚ್ಚಿ ತಂದ. ಅಳಿಸಿಹೋದ ಫೈಲ್ ಹುಡುಕೋ ಸಾಫ್ಟ್‌ವೇರ್ ಇರ್ತವೆ. ಆದ್ರೆ ಒರೆಸಿದ ಜಾಗದ ಮೇಲೇ ಹೊಸ ವಿಂಡೋಸ್ ಬಂದು ಕೂತಿತ್ತು. ಅದರಡಿ ಸಿಕ್ಕಿದ್ದು ಹೋಯ್ತು, ಅಂಚಲ್ಲಿ ಉಳಿದಿದ್ದು ಉಳೀತು. ಹಗಲು ರಾತ್ರಿ ಓಡಿಸಿದ. ಹೆಸರಿಲ್ಲ, ತಾರೀಕಿಲ್ಲ, ಬರೀ ಚಿತ್ರ ಬಂದ್ವು. ಮದುವೆ, ಸೀಮಂತ, ತೀರಿಹೋದೋರು, ಮಕ್ಕಳು. ಅರ್ಧ ಮುಖ, ಕಾಲು ಮುಖ.

ಮಂಜಮ್ಮನ ಮಗ ಯಾವನು? ಭೀಮಣ್ಣ ನೋಡಿರಲಿಲ್ಲ. ದ್ರಾಕ್ಷಾಯಣಮ್ಮನಿಗೆ ನೆನಪಿರಲಿಲ್ಲ. ಹುಡುಗನ ಅಪ್ಪ ತೋಟ ಬಿಟ್ಟು ಹೋಗಿದ್ದ, ಎಲ್ಲಿಗೆ ಅಂತ ಹುಚ್ಚರಂಗಯ್ಯನಿಗೂ ಗೊತ್ತಿಲ್ಲ.

ಸ್ಕೂಲಿಗೆ ಸೇರೋ ವಯಸ್ಸಿನ ಹುಡುಗರ ಫೋಟೋ ಎಲ್ಲ ಬೇರೆ ಮಾಡಿದ. ಒಂದನ್ನ ಪ್ರಿಂಟ್ ತೆಗೆದು, ಹೊತ್ತು ಮುಳುಗೋಕೆ ಮುಂಚೆ ಬಾವಿ ಕಟ್ಟೆ ಮೇಲಿಟ್ಟು ಕಲ್ಲು ಹೇರಿ ಬಂದ. ಬೆಳಗ್ಗೆ ಬಾಗಿಲು ತೆಗೆದ್ರೆ ಹೊಸ್ತಿಲ ಮೇಲಿತ್ತು. ಒದ್ದೆಯಾಗಿ. ನೀರಿಗೆ ಬಿದ್ರೆ ಬಣ್ಣ ಎಲ್ಲ ಕಡೆ ಹರಡಬೇಕು ತಾನೇ? ಅಂಗಿ ಬಣ್ಣ ಹಾಗೇ ಇತ್ತು. ಮುಖ ಮಾತ್ರ ಬೆಳ್ಳಗೆ, ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ತೆಗೆದಂಗೆ.

ಇವನಲ್ಲ ಅಂತ.

ಇನ್ನೊಂದು ಇಟ್ಟ. ಅದೂ ಹಂಗೇ ಬಂತು. ಮತ್ತೊಂದು. ಪ್ರತಿ ಬೆಳಗ್ಗೆ ಹೊಸ್ತಿಲ ಮೇಲೆ ಮುಖ ಇಲ್ಲದ ಮಗು. ಇತ್ತ ದೊಡ್ಡಮ್ಮನ್ನ ರಾತ್ರಿ ಸೀರೆ ಸೆರಗು ಕಂಬಕ್ಕೆ ಗಂಟು ಹಾಕಿ ಮಲಗಿಸೋ ಹಂಗಾಯ್ತು. ಎತ್ತಿ ಕೂರಿಸಿದ್ರೆ ಹತ್ತಿಯಂಗೆ ಹಗುರ. ನಾನು ನೋಡೋಕೆ ಅಂತ ಹೋಗಿದ್ದು ಆಗಲೇ.

ಅವತ್ತು ಭೀಮಣ್ಣ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಕಣ್ಣು ಗುಳಿ ಬಿದ್ದಿದ್ವು.

"ಹುಡುಗ್ರು ಎಲ್ಲ ಮುಗಿದ್ರು ಕಣ್ಲಾ. ಯಾರೂ ಅಲ್ವಂತೆ. ಇದೊಂದು ಉಳ್ಕೊಂಡೈತೆ. ಇದನ್ನ ಇಡೋದೋ ಬ್ಯಾಡ್ವೋ ಗೊತ್ತಾಯ್ತಿಲ್ಲ."

ನಾನು ನೋಡಿದೆ. "ಇಡು ಭೀಮಣ್ಣ," ಅಂದೆ.

ಇಬ್ಬರೂ ಹೋಗಿ ಇಟ್ಟು ಬಂದ್ವಿ. ಗಾಳಿ ಇರಲಿಲ್ಲ, ಆದ್ರೂ ನಾವು ಬೆನ್ನು ತಿರುಗಿಸೋ ಹೊತ್ತಿಗೆ ಕಾಗದ ಕಲ್ಲಡಿಯಿಂದ ಸರ್ರ್ ಅಂತ ಜಾರಿದ ಸದ್ದು ಕೇಳಿಸ್ತು. ನಾವು ನೋಡೋಕೆ ಹೋಗಲಿಲ್ಲ. ಮನೆಗೆ ಬಂದು, ನಾನು ನಡುಮನೇಲಿ, ಅವನು ಬಾಗಿಲ ಹತ್ರ, ಬೆಳಕಾಗೋವರೆಗೂ ಕೂತಿದ್ವಿ.

ಹೊಸ್ತಿಲ ಮೇಲೆ ಏನೂ ಇರಲಿಲ್ಲ. ಕಟ್ಟೆ ಮೇಲೂ ಇರಲಿಲ್ಲ. ದೊಡ್ಡಮ್ಮ ಎದ್ದು, ಈ ಗಂಟು ಯಾಕ್ರಪ್ಪ ಹಾಕಿದೀರಿ ಅಂತ ಬೈದು, ಕಾಫಿ ಕೇಳಿದ್ಲು. ಆಮೇಲೂ ಅವಳು ಬಹಳ ದಿನ ಬದುಕಲಿಲ್ಲ, ಒಳಗೇ ಸೊರಗಿಹೋಗಿದ್ಲು. ಆದ್ರೆ ಮನೆಯ ಹಾಸಿಗೆ ಮೇಲೆ, ಮಗನ ಕೈ ಹಿಡ್ಕೊಂಡು ಹೋದ್ಲು. ಭೀಮಣ್ಣನಿಗೆ ಅಷ್ಟೇ ಸಮಾಧಾನ. ಈಗ ಯಾರು ಹಳೇ ಸಿಸ್ಟಮ್ಮು ತಂದು ಎಲ್ಲ ಒರೆಸು ಅಂದ್ರೂ, ಒಳಗೆ ಏನೈತೆ ಅಂತ ನೋಡದೆ ಮುಟ್ಟಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಭೀಮಣ್ಣ ಹೇಳಿದ್ದನ್ನ ಬೇಕಾದ್ರೆ ಬಿಡಿ. ಆ ಕೊನೇ ಫೋಟೋನ ನಾನು ಇದೇ ಕಣ್ಣಲ್ಲಿ ನೋಡಿದೀನಿ. ನೀಲಿ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮಧ್ಯದಲ್ಲಿ ಕುರ್ಚಿ. ಕುರ್ಚೀಲಿ ಯಾರೂ ಇಲ್ಲ. ಫೈಲು ಕೆಟ್ಟು ಹುಡುಗ ಅಳಿಸಿಹೋಗಿರಬೇಕು ಅಂತೀರಾ… ಇಲ್ಲ. ಹಿಂದಿನ ಪರದೆಯ ಒಂದೊಂದು ಮಡಿಕೆಯೂ ಸರಿಯಾಗಿತ್ತು. ತೋಂಟದಾರ್ಯನವರು ಇದನ್ನೇ ನೋಡಿ ನಾಳೆ ಬಾ, ನಾಳೆ ಬಾ ಅಂತಿದ್ರು ಅನ್ನಿಸ್ತದೆ. ಕುರ್ಚಿ ಮೇಲಿನ ಮೆತ್ತೆ ಮಾತ್ರ ನಡುವೆ ತಗ್ಗಾಗಿತ್ತು, ಪುಟ್ಟ ಹುಡುಗ ಕೂತಂಗೆ.