ಮುಚ್ಚದೇ ಬಿಟ್ಟ ಗುಣಿ

ಎದ್ದು ಹೋಗುವವರಿದ್ದರೆ ಈಗಲೇ ಹೋಗಿ ಬನ್ನಿ. ನಡುವೆ ಎದ್ದರೆ ನಾನು ಮುಂದೆ ಹೇಳುವವಳಲ್ಲ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ಸಪ್ತಾಪುರದಲ್ಲಿ ನಮ್ಮ ಎದುರು ಮನೆಯ ರಾಜೇಶ್ವರಿಗೆ ಹೋದ ಚಳಿಗಾಲದಲ್ಲಿ ಆದದ್ದು.

ಆ ರಾತ್ರಿ ಶಿಬಿರದಲ್ಲಿ ಊಟ ಮುಗಿಸಿ ಒಬ್ಬಳೇ ತನ್ನ ಗುಡಿಸಲಿಗೆ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಮೊಬೈಲಿಲ್ಲ. ಎರಡನ್ನೂ ಶಿಬಿರದವರು ಬಂದ ದಿನವೇ ಇಸಿದುಕೊಂಡಿದ್ದರು. ಹಳೇ ಬಾವಿಯ ಹತ್ತಿರ ಬಂದಾಗ ಕೇಳಿತು. ಸರ್ರ... ಸರ್ರ... ಒಣ ಮಣ್ಣು ತಗ್ಗಿನೊಳಗೆ ಜಾರುವ ಸಪ್ಪಳ. ನಿಂತಳು. ಸಪ್ಪಳವೂ ನಿಂತಿತು.

ಎಂಥ ಶಿಬಿರ ಅಂತೀರಾ? ಧಾರವಾಡದಿಂದ ಕಲಘಟಗಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮಾವಿನ ತೋಟ. ಅಲ್ಲಿ ಮೈಯ ಮಾತು ಕೇಳುವುದನ್ನು ಕಲಿಸುತ್ತಾರಂತೆ. ಬರಿಗಾಲಲ್ಲಿ ಹುಲ್ಲು ತುಳಿಯಬೇಕು, ಉಸಿರು ಹೊಟ್ಟೆಗೆ ಇಳಿಯುವುದನ್ನು ಗಮನಿಸಬೇಕು, ಮರ ತಬ್ಬಿಕೊಂಡು ನಿಲ್ಲಬೇಕು. ಹೊಲಕ್ಕೆ ಹೋಗುವ ಹೆಂಗಸರು ದಿನಾ ಮಾಡುವುದನ್ನೇ ಇಲ್ಲಿ ಕಣ್ಣು ಮುಚ್ಚಿ ಮಾಡಬೇಕು, ಅಷ್ಟೇ. ನಗಬೇಡಿ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ರಾಜೇಶ್ವರಿಗೆ ಮಲಗಲು ಬರುತ್ತಿರಲಿಲ್ಲ. ಬೆನ್ನು ಹಾಸಿಗೆಗೆ ತಾಗಿದರೆ ಸಾಕು, ಉಸಿರು ಕಟ್ಟುತ್ತಿತ್ತು. ಗೋಡೆಗೆ ಆತು ಕುಳಿತೇ ನಿದ್ದೆ. ಅವರಪ್ಪ ಶಾಂತಯ್ಯ ಕಾಕಾ ಕೊರೋನಾದಲ್ಲಿ ತೀರಿಕೊಂಡಾಗಿನಿಂದ ಹೀಗೆ. ಡಾಕ್ಟರರು ಎದೆ ನೋಡಿದರು, ಬೆನ್ನು ನೋಡಿದರು, ಏನೂ ಇಲ್ಲ ಎಂದರು.

ಏನಿದೆ ಎಂದು ಆಕೆಗೆ ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಣಿ ತೋಡಿ, ಅದರೊಳಗೆ ಕಾಲು ಮಡಚಿ ಕೂಡಿಸುತ್ತೇವೆ. ಬದುಕಿದ್ದಾಗ ಪೂಜಿಸಿದ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತೇವೆ. ಶಾಂತಯ್ಯ ಕಾಕಾಗೆ ಅದು ಸಿಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಊರ ಹೊರಗೆ ಜೆಸಿಬಿ ತೋಡಿದ ಉದ್ದನೆಯ ತಗ್ಗಿನಲ್ಲಿ, ಗುರುತಿಲ್ಲದವರ ಪಕ್ಕ ಸಾಲಾಗಿ ಮಲಗಿಸಿಬಿಟ್ಟರು. ಮನೆಯವರೊಬ್ಬರು ಬರಬಹುದು ಎಂದು ಫೋನ್ ಬಂದಿತ್ತು. ರಾಜೇಶ್ವರಿ ಹೆದರಿದಳು. ಹೋಗಲಿಲ್ಲ.

ಲಿಂಗ ಮನೆಯಲ್ಲೇ ಉಳಿಯಿತು. ಆಂಬುಲೆನ್ಸ್ ಹತ್ತುವಾಗ ಕಾಕಾ ತಾವೇ ಲಿಂಗವಿದ್ದ ಕರಡಿಗೆಯನ್ನು ಕೊರಳಿಂದ ತೆಗೆದು ಮಗಳ ಕೈಗೆ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಕಳೆದೀತು ಎಂಬ ಭಯ. "ಜ್ವಾಕಿ ಇಟ್ಕೋ ರಾಜೀ. ಬಂದ ಮ್ಯಾಲ ತೊಗೋತೇನಿ" ಎಂದಿದ್ದರು.

"ಕುಂದ್ರಸ್ರಿ ಅಂತ ಒಂದ ಮಾತ ಹೇಳಾಕೂ ಹೋಗಲಿಲ್ಲ ನಾ" ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಎಷ್ಟು ಸಲ ಅತ್ತಿದ್ದಾಳೋ. ಕೊನೆಗೆ ಆಕೆಯ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಮುಸರತಳೇ ಕೈ ಹಿಡಿದು ಈ ಶಿಬಿರಕ್ಕೆ ಕರೆದುಕೊಂಡು ಹೋದಳು.

ಸಪ್ಪಳ ಕೇಳಿದ ಆ ದಿನ ಮಣ್ಣಿಗೆ ಮೈ ಕೊಡುವ ದಿನ. ಶಿಬಿರ ನಡೆಸುವ ಸೌಮ್ಯಾ ಮೇಡಂ ಮೈಸೂರು ಕಡೆಯವರು, ಮೆತ್ತಗೆ ಮಾತಾಡುವ ಹೆಂಗಸು. ಬಾವಿಯ ಪಕ್ಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣಿ ತೋಡಿಸಿದ್ದರು. ಒಳಗೆ ಕಾಲು ಮಡಚಿ ಕೂತರೆ ಎದೆಯವರೆಗೆ ಮಣ್ಣು ತುಂಬುವುದು. ನೋಡಿದ ಕೂಡಲೇ ರಾಜೇಶ್ವರಿ ಎರಡು ಹೆಜ್ಜೆ ಹಿಂದೆ ಸರಿದಳು.

"ರಾಜೀ... ಇವು ನಿಮ್ಮ ಮಂದೀ ಗುಣಿ ಇದ್ದಂಗ ಅದಾವಲ್ಲ?" ಮುಸರತ ಪಿಸುಗುಟ್ಟಿದಳು.

"ಸುಮ್ಕಿರವಾ."

ಮಣ್ಣಿಗೆ ಒಪ್ಪಿಸಬೇಕಾದ ವಸ್ತುವೊಂದನ್ನು ಹಿಡಿದುಕೊಂಡು ಕೂರಿ ಎಂದಿದ್ದರು ಮೇಡಂ. ರಾಜೇಶ್ವರಿ ಕರಡಿಗೆ ಹಿಡಿದು ಕೂತಳು. ಮಣ್ಣು ಎದೆಗೆ ಬಂದಾಗ ಬೆನ್ನು ಎಷ್ಟೋ ವರ್ಷದ ಮೇಲೆ ಹಗುರಾಯಿತಂತೆ. ಆದರೆ ಕೈ ಮಾತ್ರ ಬಿಚ್ಚಲಿಲ್ಲ. ಕರಡಿಗೆ ಹಿಡಿದುಕೊಂಡೇ ಎದ್ದುಬಂದಳು.

"ಪರವಾಗಿಲ್ಲ, ನಾಳೆ ಮತ್ತೆ ಕೂತ್ಕೊಳ್ಳಿ. ನಿಮ್ಮ ಗುಣಿ ಹಾಗೇ ಇರಲಿ" ಎಂದರು ಮೇಡಂ.

ಉಳಿದ ಗುಣಿಗಳನ್ನೆಲ್ಲ ಆಳುಗಳು ಮುಚ್ಚಿದರು. ಈಕೆಯದೊಂದೇ ತೆರೆದು ಉಳಿಯಿತು. ಕೂಡಿಸುವ ಗುಣಿಯನ್ನು ನಮ್ಮಲ್ಲಿ ರಾತ್ರಿ ಬರಿದು ಬಿಡುವುದಿಲ್ಲ. ಹೊತ್ತು ಮೀರಿದರೆ ಯಾರಾದರೊಬ್ಬರು ಕಂದೀಲು ಇಟ್ಟುಕೊಂಡು ಕಾಯುತ್ತಾರೆ. ಬರಿದು ಬಿಟ್ಟರೆ ತುಂಬುವವರು ತಾವಾಗಿಯೇ ಬರುತ್ತಾರೆ ಎಂದು ಮಾತು. ರಾಜೇಶ್ವರಿಗೆ ಇದು ಗೊತ್ತಿರಲಿಲ್ಲ ಅಂದುಕೊಂಡಿರಾ? ಗೊತ್ತಿತ್ತು. ಕಲಿತ ಜನರೆದುರು ಹೇಳಲು ನಾಚಿಕೆಯಾಯಿತು, ಬಾಯಿ ಮುಚ್ಚಿಕೊಂಡಳು.

ಈಗ ಬಾವಿಯ ಹತ್ತಿರ ನಿಂತಿದ್ದಾಳೆ. ಸಪ್ಪಳ ನಿಂತಿದೆ...

"ಯಾರ್ರಿ?"

ಬಾವಿಯಲ್ಲಿ ಒಂದು ಹನಿ ಬಿತ್ತು. ಟಪ್.

"ಮುಸರತ... ನೀ ಏನ?"

"ಬೆನ್ನ ಹಿಡದೈತವಾ..."

ಗುಣಿಯೊಳಗಿಂದ ಬಂತು. ಮುದಿ ಗಂಡಸಿನ ದನಿ. ಬಾಯಲ್ಲಿ ಮಣ್ಣಿಟ್ಟುಕೊಂಡು ಮಾತಾಡಿದ ಹಾಗೆ. "ಮಲಗಿ ಮಲಗಿ... ಬೆನ್ನ ಹಿಡದೈತಿ."

ಗುಡಿಸಲು ದೂರವಿರಲಿಲ್ಲ. ಮುಸರತ ಹಚ್ಚಿಟ್ಟ ದೀಪ ಕಾಣುತ್ತಿತ್ತು. ಓಡಬಹುದಿತ್ತು. ಆದರೆ ಒಮ್ಮೆ ಹೆದರಿ ಹೋಗದೇ ಉಳಿದದ್ದೇ ಇಷ್ಟು ವರ್ಷ ಸುಡುತ್ತಿತ್ತಲ್ಲ... ಗುಣಿಯ ಕಡೆಗೇ ಹೆಜ್ಜೆ ಹಾಕಿದಳು.

ಒಳಗೆ ಯಾರೋ ಕೂತಿದ್ದರು. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ. ಮುಖ ಕಾಣಲಿಲ್ಲ. ತಲೆಗೆ ಏನೋ ಸುತ್ತಿತ್ತು. ಗಾಳಿಗೆ ಅದು ಚರ್... ಚರ್... ಅನ್ನುತ್ತಿತ್ತು. ಪ್ಲಾಸ್ಟಿಕ್. ಎಡಗೈ ಮಾತ್ರ ಹೊರಗಿತ್ತು. ಅಂಗೈ ಮೇಲೆ ಮಾಡಿ ಚಾಚಿತ್ತು. ಬರಿದು.

"ಅಪ್ಪಾ?"

ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ.

"ಇಡವಾ" ಎಂದಿತು ದನಿ. "ಲಗೂ ಇಡು."

ರಾಜೇಶ್ವರಿ ಮೊಣಕಾಲೂರಿ ಕೂತಳು. ಹಗಲಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರಡಿಗೆಯನ್ನು ತೆಗೆದಳು. ಕಟ್ ಎಂದು ಮುಚ್ಚಳ ತೆರೆಯಿತು. ಲಿಂಗವನ್ನು ಆ ಅಂಗೈಯಲ್ಲಿಟ್ಟಳು. ಕೈ ಹಿಂದೆ ತೆಗೆಯುವ ಮೊದಲೇ ಆ ಬೆರಳುಗಳು ಮಡಚಿಕೊಂಡವು. ಲಿಂಗದ ಮೇಲೆ, ಆಕೆಯ ಬೆರಳಿನ ಮೇಲೆ. ಹೆಬ್ಬೆರಳು ಮೊದಲು... ಆಮೇಲೆ ಒಂದೊಂದಾಗಿ... ಕಿರುಬೆರಳು ಕೊನೆಗೆ. ತಣ್ಣಗಿರಲಿಲ್ಲವಂತೆ. ಹಗಲೆಲ್ಲ ಬಿಸಿಲು ಕಂಡ ಮಣ್ಣಿನ ಹಾಗೆ ಬೆಚ್ಚಗಿತ್ತಂತೆ. ಸ್ವಲ್ಪ ಹೊತ್ತು ಹಿಡಿದು, ಆಕೆಯ ಕೈ ಬಿಟ್ಟಿತು.

"ಛಲೋ ಆತು" ಎಂದಿತು. ಉಸಿರು ಬಿಟ್ಟಿತು, ಹಾ... ಎಂದು, ಹೊತ್ತ ಚೀಲ ಇಳಿಸಿದವರ ಹಾಗೆ.

ಗುಡಿಸಲಿಗೆ ಹೇಗೆ ಬಂದಳೋ ಆಕೆಗೆ ನೆನಪಿಲ್ಲ. ಮುಂದಿನದನ್ನು ಮುಸರತ ಹೇಳಿದ್ದು. ರಾಜೇಶ್ವರಿ ಬಂದವಳೇ ಮಾತಿಲ್ಲದೆ ಚಾಪೆಯ ಮೇಲೆ ಬೆನ್ನು ಹಚ್ಚಿ ಉದ್ದಕ್ಕೆ ಮಲಗಿದಳಂತೆ. ಕುಳಿತೇ ನಿದ್ದೆ ಮಾಡುವವಳು ಹೀಗೆ ಮಲಗಿದ್ದು ನೋಡಿ ಮುಸರತ ಹೆದರಿ, ಬೆಳಗಾಗುವವರೆಗೂ ಆಕೆಯ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದಳಂತೆ.

ಬೆಳಿಗ್ಗೆ ನೋಡಿದರೆ ಗುಣಿ ನೆಲದ ಸಮಕ್ಕೆ ಮುಚ್ಚಿತ್ತು. ತೋಡಿ ತೆಗೆದ ಮಣ್ಣಿನ ಗುಡ್ಡೆ ಮಾತ್ರ ಪಕ್ಕದಲ್ಲಿ ಹಾಗೇ ಇತ್ತು, ಒಂದು ಬುಟ್ಟಿಯೂ ಕಡಿಮೆಯಾಗದೆ. ಮೇಡಂ ಆಳುಗಳನ್ನು ಕೇಳಿದರು. ಯಾರೂ ಮುಟ್ಟಿರಲಿಲ್ಲ. ಮೇಡಂ ಆ ದಿನ ಆ ಕಡೆ ಯಾರನ್ನೂ ಕೂರಿಸಲಿಲ್ಲ.

ರಾಜೇಶ್ವರಿ ಅತ್ತಳು. ಸಂತೋಷದ ಅಳು. "ಅಪ್ಪಾ ಕುಂತಾ, ಮುಸರತ. ಕಡೀಗೂ ಕುಂತಾ" ಅಂದಳು.

ಮನೆಗೆ ಬರುವಾಗ ಬಸ್ಸಿನಲ್ಲಿ ಮುಸರತ ಮೆಲ್ಲಗೆ ಕೇಳಿದಳು. "ಹೆಂಗ ಹಿಡದ್ರು ಕೈ?"

"ಹಿಂಗ" ಎಂದು ರಾಜೇಶ್ವರಿ ಗೆಳತಿಯ ಕೈ ಹಿಡಿದು ತೋರಿಸಿದಳು. ಹೆಬ್ಬೆರಳು ಮಡಚಿದಳು. ಒಂದೊಂದಾಗಿ ಮಡಚಿದಳು. ಕಿರುಬೆರಳಿಗೆ ಬಂದು... ನಿಂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ. ಸಪ್ತಾಪುರ ಬರುವವರೆಗೂ ತನ್ನ ಕೈಯನ್ನೇ ನೋಡುತ್ತ ಕೂತಳು.

ಬಸ್ಸಿಳಿದು ನೇರ ನನ್ನ ಹತ್ತಿರ ಬಂದಳು. ಎಲ್ಲ ಹೇಳಿದಳು. "ಅಪ್ಪಾನ ಲಿಂಗಾ ನಾ ಯಾರ ಕೈಯಾಗ ಇಟ್ನೆವಾ?" ಎಂದು ಕೇಳಿದಳು.

ಈಗ ಆಕೆ ಆರಾಮಾಗಿ ಮಲಗುತ್ತಾಳೆ, ಬೆನ್ನು ಹಚ್ಚಿ. ಇದು ಖರೆ. ಅಪ್ಪ ಕೂರದೇ ನಾನು ಮಲಗುತ್ತೇನಲ್ಲ ಎಂದೇ ಎದ್ದು ಕೂತು ಅಳುತ್ತಾಳೆ, ಅದೂ ಖರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಶಾಂತಯ್ಯ ಕಾಕಾ ಅವರನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಅವರದು. ಹುಡುಗರಾಗಿದ್ದಾಗಲೇ ಅರಳೆ ತೆಗೆಯುವ ಯಂತ್ರಕ್ಕೆ ಕೈ ಸಿಕ್ಕಿತ್ತು. ಅವರ ಎಡಗೈಗೆ ಕಿರುಬೆರಳೇ ಇರಲಿಲ್ಲ.